"ಆಯ್ತು ಮೇಡಂ" ಅಂದರೆ ಏನು ಆಯ್ತು?

ಓದುಗರ ಪ್ರಶ್ನೆ, ನನ್ನ ಉತ್ತರ

ಹೋದ ತಿಂಗಳು ಯಾವುದೋ ಉತ್ತರದ ನಡುವೆ, "ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಆನ್‌ಲೈನ್‌ನಲ್ಲಿ ಕಲಿಯಬಹುದು, ಆದರೆ ಅಷ್ಟಕ್ಕೇ ಬರುವುದಿಲ್ಲ" ಎಂದು ಒಂದು ಸಾಲು ಬರೆದು ಮುಂದೆ ಹೋಗಿದ್ದೆ. ಆ ಸಾಲಿಗೆ ಬಂದಷ್ಟು ಪತ್ರ ಉಳಿದ ಇಡೀ ಅಂಕಣಕ್ಕೂ ಬಂದಿರಲಿಲ್ಲ. ಕೆಲವರಿಗೆ ಸಿಟ್ಟೂ ಬಂದಿದೆ. ಹಾಗಾಗಿ ಈ ಸಲ ಪೂರ್ತಿ ಅದೇ ವಿಷಯ. ನಾನು 22 ವರ್ಷ ಇದೇ ಕೆಲಸ ಮಾಡಿದವಳು. ಅದರಲ್ಲಿ ಮೊದಲ ಒಂಬತ್ತು ವರ್ಷ ಯಾವ ಕೋರ್ಸಿನ ಮುಖವನ್ನೂ ನೋಡಿರಲಿಲ್ಲ. ಆಮೇಲೆ ಒಂದಲ್ಲ, ಮೂರು ಮಾಡಿದೆ. ಒಂದನ್ನು ನಾನೂ ಅರ್ಧಕ್ಕೆ ಬಿಟ್ಟೆ.

ಪ್ರಶ್ನೆ: ಏಳು ವರ್ಷದಿಂದ ಒಂದು ಸಂಸ್ಥೆಯ ಲೆಕ್ಕಪತ್ರ ವಿಭಾಗದಲ್ಲಿದ್ದೇನೆ. ಮೂರು ತಿಂಗಳಲ್ಲಿ ಹಳೆಯ ಲೆಕ್ಕದ ಸಾಫ್ಟ್‌ವೇರ್ ಬಿಟ್ಟು ಹೊಸದಕ್ಕೆ ಹೋಗಬೇಕು, ನೀವೇ ನೋಡಿಕೊಳ್ಳಿ ಎಂದಿದ್ದಾರೆ. ಲೆಕ್ಕ ಗೊತ್ತು, ಪ್ರಾಜೆಕ್ಟ್ ನಡೆಸಿ ಗೊತ್ತಿಲ್ಲ. ನಾಲ್ಕು ವಾರದ ಆನ್‌ಲೈನ್ ಕೋರ್ಸಿಗೆ ಸೇರಿದ್ದೇನೆ. ಇದಕ್ಕೆ ಮೊದಲು ಬೇರೆ ಎರಡು ಕೋರ್ಸು ಅರ್ಧಕ್ಕೆ ನಿಂತಿವೆ. ಇದನ್ನಾದರೂ ಮುಗಿಸುವುದು ಹೇಗೆ? ಮುಗಿಸಿದರೆ ಅಷ್ಟು ಸಾಕಾ ಮೇಡಂ?

ಉತ್ತರ: ಅರ್ಧಕ್ಕೆ ಬಿಟ್ಟದ್ದಕ್ಕೆ ನಾಚಿಕೆ ಬೇಡ. ಹಾರ್ವರ್ಡ್ ಮತ್ತು ಎಂಐಟಿಯ ಆನ್‌ಲೈನ್ ಕೋರ್ಸುಗಳ ಲೆಕ್ಕವೊಂದು 2019ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದಿತ್ತು. 2017-18ರಲ್ಲಿ ಸೇರಿದವರಲ್ಲಿ ಕೋರ್ಸ್ ಮುಗಿಸಿದವರು ನೂರಕ್ಕೆ ಮೂರು ಚಿಲ್ಲರೆ. ಸರ್ಟಿಫಿಕೇಟ್ ಬೇಕು ಎಂದು ದುಡ್ಡು ಕಟ್ಟಿದವರಲ್ಲಿ ನೂರಕ್ಕೆ 46. ಅಂದರೆ ದುಡ್ಡು ಕಟ್ಟಿದವರಲ್ಲೂ ಅರ್ಧಕ್ಕಿಂತ ಜಾಸ್ತಿ ಜನ ನಿಮ್ಮ ಥರದವರೇ.

ಇದನ್ನು ಸೋಮಾರಿತನ ಎಂದು ನಾನು ಒಪ್ಪುವುದಿಲ್ಲ. ಮೂರನೆಯ ವಾರದ ಪಾಠ ಇವತ್ತು ಕೇಳದಿದ್ದರೆ ನಾಳೆ ಬೆಳಿಗ್ಗೆ ಯಾವ ಕೆಲಸವೂ ನಿಲ್ಲುವುದಿಲ್ಲ. ಅದಕ್ಕೇ ಕೇಳುವುದಿಲ್ಲ. ನಿಮಗೆ ಈ ಸಲ ಹಾಗಿಲ್ಲ. ತಲೆಯ ಮೇಲೆ ಒಂದು ನಿಜವಾದ ಕೆಲಸ ಬಂದು ಕೂತಿದೆ. ನೀವು ಅದನ್ನು ಕಷ್ಟ ಅಂದುಕೊಂಡಿದ್ದೀರಿ. ಕಲಿಯುವವರಿಗೆ ಅದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಕೋರ್ಸಿನಲ್ಲಿ ಯಾವುದೋ ಊಹೆಯ ಕಂಪನಿಯ ಊಹೆಯ ಪ್ರಾಜೆಕ್ಟ್ ಕೊಟ್ಟು ಅಸೈನ್‌ಮೆಂಟ್ ಮಾಡಿ ಅನ್ನುತ್ತಾರೆ. ಆದಷ್ಟೂ ಅದರ ಜಾಗದಲ್ಲಿ ನಿಮ್ಮ ಕೆಲಸವನ್ನೇ ಹಾಕಿ. (ಆಫೀಸಿನ ಅಂಕಿ, ಗಿರಾಕಿಗಳ ಹೆಸರು ಮಾತ್ರ ಅಪ್‌ಲೋಡ್ ಮಾಡಬೇಡಿ. ಒಮ್ಮೆ ಹೊರಗೆ ಹೋದದ್ದು ವಾಪಸ್ ಬರುವುದಿಲ್ಲ.)

ಮೊದಲ ವಾರ ಸಾಮಾನ್ಯವಾಗಿ ಪ್ರಾಜೆಕ್ಟ್ ಚಾರ್ಟರ್ ಎಂಬ ಕಾಗದ ಬರೆಸುತ್ತಾರೆ. ಎರಡು ಪುಟದ ನಮೂನೆ, ಹದಿನಾರು ಖಾನೆ. ಅದನ್ನು ನೋಡಿ ಹೆದರಬೇಡಿ. ಅದರೊಳಗೆ ಇರುವುದು ಎರಡೇ ಪ್ರಶ್ನೆ. ಈ ಕೆಲಸ ಮುಗಿಯಿತು ಎಂದು ಯಾವ ದಿನ, ಏನು ನೋಡಿ ಹೇಳುತ್ತೇವೆ? ಏನೇನು ಈ ಕೆಲಸದಲ್ಲಿ ಸೇರಿಲ್ಲ?

"ಹೊಸ ಸಾಫ್ಟ್‌ವೇರ್ ಅಳವಡಿಸುವುದು" ಎಂದು ಬರೆದರೆ ಅದು ಎಂದೂ ಮುಗಿಯುವುದಿಲ್ಲ. ಅಳವಡಿಸಿದ್ದಾಯಿತು, ಆದರೆ ಯಾರೂ ಬಳಸುತ್ತಿಲ್ಲ. ಬಳಸುತ್ತಿದ್ದಾರೆ, ಆದರೆ ಮೊತ್ತ ತಾಳೆಯಾಗುತ್ತಿಲ್ಲ. ಹೀಗೆ ಬರೆದು ನೋಡಿ: "ಒಂದು ಪೂರ್ತಿ ತಿಂಗಳ ಲೆಕ್ಕ ಹಳೆಯದರಲ್ಲೂ ಹೊಸದರಲ್ಲೂ ನಡೆದು, ಎರಡರ ಮೊತ್ತ ಪೈಸೆಗೆ ಪೈಸೆ ತಾಳೆಯಾಗಿ, ಹಳೆಯದು ನೋಡಲು ಮಾತ್ರ ಉಳಿದ ದಿನ ಈ ಕೆಲಸ ಮುಗಿಯಿತು." ಇದರ ಕೆಳಗೆ: "ಸಂಬಳದ ಲೆಕ್ಕ ಇದರಲ್ಲಿ ಇಲ್ಲ. ಐದು ವರ್ಷಕ್ಕಿಂತ ಹಳೆಯ ಬಿಲ್ಲುಗಳು ಹೊಸದಕ್ಕೆ ಬರುವುದಿಲ್ಲ." ನಿಮ್ಮಲ್ಲಿ ಬೇರೆ ಇರಬಹುದು, ಆ ಪ್ರಕಾರ ಬದಲಿಸಿ. ನಿಮಗೆ ಈ ಕೆಲಸ ಒಪ್ಪಿಸಿದವರ ಸಹಿ ಹಾಕಿಸಿ. ಎರಡನೆಯ ತಿಂಗಳು ಯಾರೋ ಬಂದು, "ಹೇಗೂ ಮಾಡ್ತಿದ್ದೀರಲ್ಲ, ಸಂಬಳದ್ದೂ ಸೇರಿಸಿಬಿಡಿ" ಅನ್ನುತ್ತಾರೆ. ಖಂಡಿತ ಅನ್ನುತ್ತಾರೆ. ಆಗ ಜಗಳ ಆಡಬೇಕಿಲ್ಲ. ಕಾಗದ ತೆಗೆದು, "ಸೇರಿಸೋಣ, ಎಷ್ಟು ದಿನ ಮುಂದಕ್ಕೆ ಹಾಕೋಣ ಹೇಳಿ" ಅಂದರಾಯಿತು.

ಎರಡನೆಯ ವಾರ ಕೆಲಸವನ್ನು ತುಂಡು ಮಾಡುವುದು. ಇಲ್ಲಿ ಎಲ್ಲರೂ ಮಾಡುವ ತಪ್ಪು ದೊಡ್ಡ ತುಂಡನ್ನೇ ನುಂಗಲು ನೋಡುವುದು. "ಡೇಟಾ ವರ್ಗಾವಣೆ, 10 ದಿನ" ಅಂತ ಬರೆಯುತ್ತಾರೆ. ಅದನ್ನು ಬಿಡಿಸಿ ನೋಡಿ. ನಿಮ್ಮ ಹಳೆಯ ಪಟ್ಟಿಯಲ್ಲಿ ಒಬ್ಬನೇ ಗಿರಾಕಿಯ ಹೆಸರು ಮೂರು ಥರದ ಸ್ಪೆಲ್ಲಿಂಗ್‌ನಲ್ಲಿ ಇರುತ್ತದೆ. ಅದನ್ನು ಒಂದು ಮಾಡುವವರು ಯಾರು? ಯಾವ ಸ್ಪೆಲ್ಲಿಂಗ್ ಸರಿ ಎಂದು ಹೇಳುವವರು ಯಾರು? ಬೇರೆ ಬೇರೆ ಜನ ಅಲ್ವಾ? ಆರಂಭದ ಶಿಲ್ಕು ಯಾವ ದಿನದ್ದು? ಮೊದಲು ಹತ್ತು ಖಾತೆ ಹಾಕಿ ಪರೀಕ್ಷೆ ಮಾಡುತ್ತೀರೋ, ಒಂದೇ ಏಟಿಗೆ ಎಲ್ಲವನ್ನೂ ಸುರಿಯುತ್ತೀರೋ? ಒಂದು ತುಂಡು ಎಷ್ಟು ಚಿಕ್ಕದಿರಬೇಕು ಎಂದರೆ, ಅದರ ಮುಂದೆ ಒಬ್ಬರದೇ ಹೆಸರು ಬರೆಯಲು ಬರಬೇಕು. ಎರಡು ಹೆಸರು ಬರೆದಿದ್ದರೆ ಅದನ್ನು ಯಾರೂ ಮಾಡುವುದಿಲ್ಲ.

ಇಲ್ಲಿ ನನ್ನದೊಂದು ಕಥೆ ಹೇಳಲೇಬೇಕು. ಹೊಸದಾಗಿ ಕೋರ್ಸ್ ಮುಗಿಸಿದ್ದೆ. ಆಫೀಸನ್ನು ಒಂದು ಕಟ್ಟಡದಿಂದ ಇನ್ನೊಂದಕ್ಕೆ ಸ್ಥಳಾಂತರಿಸುವ ಕೆಲಸ ನನಗೆ ಬಂತು. 140 ಸಾಲಿನ ಗ್ಯಾಂಟ್ ಚಾರ್ಟ್ ಮಾಡಿದೆ, ಅಂದರೆ ಯಾವ ಕೆಲಸ ಯಾವ ದಿನದಿಂದ ಯಾವ ದಿನದವರೆಗೆ ಎಂದು ಪಟ್ಟಿ ಎಳೆದು ತೋರಿಸುವ ಚಿತ್ರ. ಹಸಿರು, ನೀಲಿ, ಕಿತ್ತಳೆ ಪಟ್ಟಿಗಳು. ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿದ್ದೆ. ಬಂದು ಹೋಗುವವರೆಲ್ಲ ನಿಂತು ನೋಡುತ್ತಿದ್ದರು. 87ನೆಯ ಸಾಲು: "ಇಂಟರ್‌ನೆಟ್ ಲೈನ್ ಬದಲಾವಣೆ, 1 ದಿನ." ಯಾಕೆ ಒಂದು ದಿನ? ಲೈನ್ ಎಳೆಯುವವರನ್ನು ಕೇಳಿದ್ದೆ. "ಎರಡು ಗಂಟೆ ಕೆಲಸ ಮೇಡಂ" ಅಂದಿದ್ದರು. ಅವರು ಹೇಳಿದ್ದು ಸುಳ್ಳಲ್ಲ. ಕೆಲಸ ಎರಡು ಗಂಟೆಯದೇ. ಆದರೆ ಅರ್ಜಿ ಕೊಟ್ಟ ಮೇಲೆ ಅವರ ಸರದಿ ಬರಲು 21 ದಿನ. ಅದನ್ನು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಸೋಮವಾರ ಬೆಳಿಗ್ಗೆ 40 ಜನ ಹೊಸ ಕುರ್ಚಿಗಳಲ್ಲಿ ಕೂತು ನನ್ನ ಮುಖ ನೋಡಿದರು. ಇಂಟರ್‌ನೆಟ್ ಇಲ್ಲ. ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಎರಡೂವರೆ ವಾರ ತಳ್ಳಿದೆವು. ಗೋಡೆಯ ಮೇಲಿನ ಚಾರ್ಟನ್ನು ಅವತ್ತು ಮಧ್ಯಾಹ್ನ ನಾನೇ ಕಿತ್ತೆ.

ಎಷ್ಟು ಹೊತ್ತಿನ ಕೆಲಸ ಎಂಬುದು ಒಂದು, ಎಷ್ಟು ದಿನ ಹಿಡಿಯುತ್ತದೆ ಎಂಬುದು ಇನ್ನೊಂದು. ಎಫರ್ಟ್ ಬೇರೆ, ಡ್ಯೂರೇಷನ್ ಬೇರೆ ಎಂದು ಕೋರ್ಸಿನಲ್ಲಿ ಎರಡು ನಿಮಿಷದ ವಿಡಿಯೊ ಇತ್ತು. ನೋಡಿದ್ದೆ. ಕೊನೆಯ ಕ್ವಿಜ್‌ನಲ್ಲಿ ಆ ಪ್ರಶ್ನೆಗೆ ಸರಿ ಉತ್ತರವನ್ನೂ ಕೊಟ್ಟಿದ್ದೆ!

ಇನ್ನು "ಸಾಕಾ" ಎಂಬ ಪ್ರಶ್ನೆ. ವಾರಕ್ಕೆ ಮೂರು ನಾಲ್ಕು ಗಂಟೆಯಂತೆ ನಾಲ್ಕು ವಾರ ಎಂದರೆ 12ರಿಂದ 16 ಗಂಟೆ. ಅಷ್ಟರಲ್ಲಿ ಈ ಕೆಲಸದ ಪದಗಳನ್ನು ಕಲಿಯಬಹುದು, ನಮೂನೆಗಳು ಸಿಗುತ್ತವೆ, ಏನನ್ನು ಮರೆಯಬಾರದು ಎಂಬ ಪಟ್ಟಿ ಸಿಗುತ್ತದೆ. ಅದು ಕಡಿಮೆಯೇನಲ್ಲ. ಸಿಗದೇ ಇರುವುದು ಒಂದಿದೆ. ನಮ್ಮ ಜನ ಕೊಡುವ ಉತ್ತರಗಳನ್ನು ಓದುವ ವಿದ್ಯೆ.

ನಮ್ಮ ಭಾಷೆಯಲ್ಲಿ "ಆಯ್ತು" ಎಂಬ ಮಾತಿದೆಯಲ್ಲ, ಅದರಿಂದ ನಾನು ಪಟ್ಟ ಪಾಡು ಅಷ್ಟಿಷ್ಟಲ್ಲ. "ಆ ಪಟ್ಟಿ ಸರಿಮಾಡಿ ಕೊಡ್ತೀರಾ?" "ಆಯ್ತು ಮೇಡಂ." ಇದರ ಅರ್ಥ ಮಾಡುತ್ತೇನೆ ಅಂತ. "ಆ ಪಟ್ಟಿ ಏನಾಯ್ತು?" "ಆಯ್ತು ಮೇಡಂ." ಇದರ ಅರ್ಥ ಮುಗಿಯಿತು ಅಂತ ಆಗಬಹುದು. ಮುಗಿಯುತ್ತಾ ಬಂತು ಅಂತಲೂ ಆಗಬಹುದು. ನೀವು ನೆನಪಿಸಿದ್ದು ಒಳ್ಳೆಯದಾಯಿತು, ಈಗ ಶುರು ಮಾಡುತ್ತೇನೆ ಅಂತಲೂ ಆಗಬಹುದು. "ನೋಡೋಣ" ಅಂದರೆ ಇಲ್ಲ. "ಆಗುತ್ತೆ ಬಿಡಿ" ಅಂದರೆ ಲೆಕ್ಕ ಹಾಕಿಲ್ಲ. "ಮಾಡ್ತಾ ಇದ್ದೀವಿ" ಅಂದರೆ ಯಾರು ಮಾಡಬೇಕು ಎಂಬುದೇ ತೀರ್ಮಾನವಾಗಿಲ್ಲ. ಇವರೆಲ್ಲ ಮೋಸಗಾರರೇನಲ್ಲ. ಎದುರಿಗಿರುವವರಿಗೆ ಬೇಸರ ಆಗದಿರಲಿ ಎಂದು ಹಾಗೆ ಹೇಳುವುದು.

ಇದಕ್ಕೆ ನಾನು ಕಂಡುಕೊಂಡ ಉಪಾಯ, ಆಯ್ತಾ ಎಂದು ಕೇಳುವುದನ್ನೇ ಬಿಟ್ಟೆ. "ತೋರಿಸ್ತೀರಾ?" ಎಂದು ಕೇಳುತ್ತೇನೆ. ಆಗಿದ್ದರೆ ತೋರಿಸುತ್ತಾರೆ. ಆಗಿಲ್ಲದಿದ್ದರೆ, "ಇನ್ನೊಂದು ಸ್ವಲ್ಪ ಇದೆ" ಎಂಬ ನಿಜ ತಾನಾಗಿ ಹೊರಗೆ ಬರುತ್ತದೆ. ಆಗ "ಎಷ್ಟು ಉಳಿದಿದೆ, ಯಾವುದು ಕಷ್ಟವಾಗ್ತಿದೆ?" ಎಂದು ಕೇಳಬೇಕು. ಬೈಯಬಾರದು. ಒಂದು ಸಲ ಬೈದರೆ ಮುಂದಿನ ಕೆಟ್ಟ ಸುದ್ದಿ ನಿಮಗೆ ಮೂರು ವಾರ ತಡವಾಗಿ ಬರುತ್ತದೆ.

ಮೂರು ಮತ್ತು ನಾಲ್ಕನೆಯ ವಾರದ ಪಾಠಗಳನ್ನು ಕೇಳುತ್ತಾ ಹೋಗಿ. ರಿಸ್ಕ್ ಪಟ್ಟಿ, ಅಂದರೆ ಏನೇನು ಕೆಡಬಹುದು ಎಂಬ ಪಟ್ಟಿ ಮಾಡುವಾಗ ಭೂಕಂಪ, ಪ್ರವಾಹ ಎಂದೆಲ್ಲ ಬರೆಯಬೇಡಿ. "ಹಳೆಯ ಸಾಫ್ಟ್‌ವೇರ್ ಗೊತ್ತಿರುವ ಒಬ್ಬರೇ ಒಬ್ಬರು ಆ ವಾರ ರಜೆ ಹಾಕಿದರೆ?" ಎಂದು ಬರೆಯಿರಿ.

ಪ್ರಶ್ನೆ: ನಾನು ಕನ್ನಡ ಮಾಧ್ಯಮದಲ್ಲಿ ಓದಿದ ಶಿಕ್ಷಕಿ. ನಮ್ಮ ಶಾಲೆಗೆ 50 ವರ್ಷ. ಸ್ಮರಣ ಸಂಚಿಕೆಯ ಜವಾಬ್ದಾರಿ ನನಗೆ ಕೊಟ್ಟಿದ್ದಾರೆ. ಇನ್ನು 45 ದಿನ ಇದೆ. ಸಹಾಯವಾಗಲಿ ಎಂದು ಒಂದು ಚಿಕ್ಕ ಕೋರ್ಸ್ ಶುರು ಮಾಡಿದೆ. ಸ್ಕೋಪ್, ಸ್ಟೇಕ್‌ಹೋಲ್ಡರ್, ಡೆಲಿವರಬಲ್, ಕ್ರಿಟಿಕಲ್ ಪಾತ್ ಎಂದು ಮೊದಲ ದಿನವೇ ತಲೆ ತಿರುಗಿತು. ಬಿಟ್ಟುಬಿಡಲಾ?

ಉತ್ತರ: ಬಿಡಬೇಡಿ. ಆ ಪದಗಳಲ್ಲಿ ಭಯಪಡುವಂಥದ್ದು ಏನೂ ಇಲ್ಲ. ನಾನು ನನ್ನ ನೋಟ್‌ಬುಕ್‌ನಲ್ಲಿ ಬರೆದುಕೊಂಡಿದ್ದ ಅರ್ಥಗಳನ್ನು ಕೊಡುತ್ತೇನೆ, ನಿಘಂಟಿನವರು ಕ್ಷಮಿಸಲಿ. ಸ್ಕೋಪ್ ಅಂದರೆ ಬೇಲಿ. ಡೆಲಿವರಬಲ್ ಅಂದರೆ ಕೈಗೆ ಕೊಡಬೇಕಾದ್ದು. ಡಿಪೆಂಡೆನ್ಸಿ ಅಂದರೆ "ಇದಾಗದೆ ಅದಿಲ್ಲ". ಬೇಸ್‌ಲೈನ್ ಅಂದರೆ ಮೊದಲು ಒಪ್ಪಿದ ಲೆಕ್ಕ. ಮೈಲ್‌ಸ್ಟೋನ್‌ಗೆ ಮೈಲಿಗಲ್ಲು ಮೊದಲೇ ಇದೆ. ಸ್ಟೇಕ್‌ಹೋಲ್ಡರ್‌ಗೆ ಪತ್ರಿಕೆಗಳು ಭಾಗೀದಾರರು ಅನ್ನುತ್ತವೆ. ನನ್ನ ಪುಸ್ತಕದಲ್ಲಿ "ಕೇಳದೆ ಮಾಡಿದರೆ ಸಿಟ್ಟಾಗುವವರು" ಎಂದಿದೆ. ನಿಮ್ಮ ಸಂಚಿಕೆಗೆ ಅಂಥವರ ಪಟ್ಟಿ ಇವತ್ತೇ ಮಾಡಿ. ನಿವೃತ್ತರಾದ ಮುಖ್ಯೋಪಾಧ್ಯಾಯರ ಫೋಟೊ ಯಾವ ಪುಟದಲ್ಲಿ ಎಂಬುದು ಮುದ್ರಣಕ್ಕೆ ಹೋಗುವ ಹಿಂದಿನ ದಿನ ಏಳುವ ಪ್ರಶ್ನೆ ಆಗಬಾರದು.

ಕ್ರಿಟಿಕಲ್ ಪಾತ್ ಒಂದನ್ನು ಮಾತ್ರ ಕೂತು ಕಲಿಯಿರಿ. ನಾನು ಇದನ್ನು ಬಿಗಿ ದಾರಿ ಅನ್ನುತ್ತೇನೆ. ಒಂದಾದ ಮೇಲೆ ಒಂದು ಆಗಬೇಕಾದ ಕೆಲಸಗಳ ಸಾಲುಗಳಲ್ಲಿ ಎಲ್ಲಕ್ಕಿಂತ ಉದ್ದದ್ದು ಇದು; ಇದರಲ್ಲಿ ಒಂದು ದಿನ ತಡವಾದರೆ ಇಡೀ ಕೆಲಸ ಒಂದು ದಿನ ತಡ. ನಿಮ್ಮದೇ ಕೆಲಸ ತೆಗೆದುಕೊಳ್ಳೋಣ. ಅಂಕಿಗಳು ನನ್ನ ಅಂದಾಜು, ನಿಮ್ಮದನ್ನು ಹಾಕಿಕೊಳ್ಳಿ.

ಲೇಖನ ಕೂಡಿಸಲು 20 ದಿನ. ಜಾಹೀರಾತು ಕೂಡಿಸಲು 25 ದಿನ. ಎರಡೂ ಒಟ್ಟಿಗೆ ನಡೆಯುತ್ತವೆ. ಇವೆರಡೂ ಬಂದ ಮೇಲೆ ಪುಟ ವಿನ್ಯಾಸ, 8 ದಿನ. ಆಮೇಲೆ ಕರಡು ತಿದ್ದುವುದು. ಕೊನೆಗೆ ಮುದ್ರಣ ಮತ್ತು ಬೈಂಡಿಂಗ್, 10 ದಿನ. ಮುಖಪುಟಕ್ಕೆ 12 ದಿನ, ಅದು ಮುದ್ರಣಕ್ಕೆ ಮುಂಚೆ ಸಿಕ್ಕರೆ ಸಾಕು.

ಕರಡು ತಿದ್ದಲು ಎಷ್ಟು ದಿನ? ನೀವು 6 ಅನ್ನುತ್ತೀರಿ. ಎಲ್ಲ ಸಲೀಸಾದರೆ 4. ತಿದ್ದುವ ಮೇಷ್ಟ್ರು ಹಾಸಿಗೆ ಹಿಡಿದರೆ 14. ಇಂಥ ಕಡೆ ಒಂದು ಹಳೆಯ ಸೂತ್ರ ಇದೆ. ಕಡಿಮೆ ದಿನ, ಸಾಮಾನ್ಯ ದಿನದ ನಾಲ್ಕರಷ್ಟು, ಜಾಸ್ತಿ ದಿನ, ಇವನ್ನು ಕೂಡಿಸಿ ಆರರಿಂದ ಭಾಗಿಸುವುದು. 4, 24, 14 ಕೂಡಿದರೆ 42. ಭಾಗಿಸಿದರೆ 7. ಹಾಗಾಗಿ 7 ಎಂದು ಇಟ್ಟುಕೊಳ್ಳಿ. ಈ ಲೆಕ್ಕ ಬಂದದ್ದು ಅಮೆರಿಕದ ನೌಕಾಪಡೆಯಿಂದ. 1958ರಲ್ಲಿ ಪೊಲಾರಿಸ್ ಕ್ಷಿಪಣಿ ಯೋಜನೆಗೆ ಪರ್ಟ್ ಎಂಬ ಪದ್ಧತಿ ಮಾಡಿಕೊಂಡರು, ಅದರ ಭಾಗ ಇದು. ಕ್ಷಿಪಣಿಗೆ ಮಾಡಿದ್ದು ಶಾಲೆಯ ಸಂಚಿಕೆಗೂ ಆಗುತ್ತದೆ.

ಈಗ ಉದ್ದದ ದಾರಿ ಯಾವುದು ನೋಡಿ. ಜಾಹೀರಾತು 25, ವಿನ್ಯಾಸ 8, ಕರಡು 7, ಮುದ್ರಣ 10. ಒಟ್ಟು 50. ನಿಮ್ಮ ಹತ್ತಿರ ಇರುವುದು 45. ಲೇಖನ ಬಂದಿಲ್ಲ ಎಂದು ದಿನಾ ಹತ್ತು ಜನಕ್ಕೆ ಫೋನ್ ಮಾಡುತ್ತಿರುತ್ತೀರಿ ಅಲ್ವಾ? ಲೇಖನಕ್ಕೆ ಇನ್ನೂ 5 ದಿನ ಪುರುಸೊತ್ತಿದೆ. ಮುಖಪುಟದ ಬಗ್ಗೆ ಸಮಿತಿಯವರು ಪ್ರತಿ ಸಭೆಯಲ್ಲೂ ಒಂದು ಗಂಟೆ ಮಾತಾಡುತ್ತಾರೆ. ಅದಕ್ಕೆ 28 ದಿನ ಪುರುಸೊತ್ತಿದೆ. ನಿಮ್ಮ ಕುತ್ತಿಗೆ ಹಿಡಿದಿರುವುದು ಜಾಹೀರಾತು, ಅದರ ಬಗ್ಗೆ ಯಾರೂ ಮಾತಾಡುತ್ತಿಲ್ಲ.

ಏನು ಮಾಡಬಹುದು? ಜಾಹೀರಾತಿಗೆ 16 ಪುಟ ಎಂದು ಮೊದಲೇ ಕಟ್ಟಿಹಾಕಿ, ಅವನ್ನು ಕೊನೆಯಲ್ಲಿ ಒಂದೇ ಕಡೆ ಇಡಿ. ಆಗ ವಿನ್ಯಾಸ ಮಾಡುವವರು ಲೇಖನ ಬಂದ ಕೂಡಲೇ ಶುರು ಮಾಡಬಹುದು. 20, 8, 7, 10. ಸರಿಯಾಗಿ 45. ಆದರೆ ಒಂದು ದಿನವೂ ಉಳಿಯಲಿಲ್ಲ, ಎದೆ ಹೊಡೆದುಕೊಳ್ಳುತ್ತದೆ. ಲೇಖನದ ಕೊನೆ ದಿನಾಂಕವನ್ನು ನಾಲ್ಕು ದಿನ ಹಿಂದಕ್ಕೆ ತನ್ನಿ. ಈಗ ಬಿಗಿ ದಾರಿ ಮತ್ತೆ ಜಾಹೀರಾತಿಗೆ ಹೋಗುತ್ತದೆ. 25 ದಿನ, ಆ 16 ಪುಟ ಕೂರಿಸಲು 1, ಕರಡಿಗೆ 7, ಮುದ್ರಣಕ್ಕೆ 10. ಒಟ್ಟು 43. ಎರಡು ದಿನ ಸಿಕ್ಕಿತು. ಇನ್ನು ಲೇಖನವನ್ನು ಎಷ್ಟೇ ಬೇಗ ತಂದರೂ ಒಂದು ದಿನವೂ ಉಳಿಯುವುದಿಲ್ಲ. ದಾರಿ ಹೀಗೆ ಜಾಗ ಬದಲಿಸುತ್ತಲೇ ಇರುತ್ತದೆ. ವಾರಕ್ಕೊಮ್ಮೆ ಹೊಸದಾಗಿ ಕೂಡಿಸಿ ನೋಡಬೇಕಾದ್ದು ಅದಕ್ಕೇ.

ಇಷ್ಟನ್ನು ನೀವು ಕಪ್ಪುಹಲಗೆಯ ಮೇಲೆ ಮಾಡಬಹುದು. ಇಂಗ್ಲಿಷ್ ಎಲ್ಲಿ ಬೇಕಾಯಿತು?

ಪ್ರಶ್ನೆ: ಆರು ವಾರದ ಕೋರ್ಸ್ ಮುಗಿಸಿ ಸರ್ಟಿಫಿಕೇಟ್ ಪಡೆದಿದ್ದೇನೆ. ಇದು ಪಿಎಂಪಿಗೆ ಸಮವೇ? ಕೆಲಸ ಸಿಗುತ್ತದೆಯೇ?

ಉತ್ತರ: ಸಮ ಅಲ್ಲ. ಪಿಎಂಪಿ (ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಪ್ರೊಫೆಷನಲ್) ಎಂಬುದು ಅಮೆರಿಕದ ಪಿಎಂಐ (ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಇನ್‌ಸ್ಟಿಟ್ಯೂಟ್) ಎಂಬ ಸಂಸ್ಥೆ ನಡೆಸುವ ಪರೀಕ್ಷೆ. ಸಂಸ್ಥೆ ಹುಟ್ಟಿದ್ದು 1969ರಲ್ಲಿ, ಪಿಎಂಪಿ ಶುರುವಾದದ್ದು 1984ರಲ್ಲಿ. ಅದಕ್ಕೆ ಕೂರಬೇಕಾದರೆ 35 ಗಂಟೆಯ ತರಬೇತಿಯ ಜೊತೆಗೆ ಪ್ರಾಜೆಕ್ಟ್ ಮುನ್ನಡೆಸಿದ ಅನುಭವ ಬೇಕು. ಪದವಿ ಇದ್ದವರಿಗೆ 36 ತಿಂಗಳು, ಪಿಯುಸಿ ಮಟ್ಟದ ಓದು ಮಾತ್ರ ಇದ್ದವರಿಗೆ 60 ತಿಂಗಳು. ನಿಮ್ಮಂಥ ಹೊಸಬರಿಗಾಗಿ ಅದೇ ಸಂಸ್ಥೆಯ ಸಿಎಪಿಎಂ ಎಂಬ ಇನ್ನೊಂದು ಪರೀಕ್ಷೆ ಇದೆ. ಅದಕ್ಕೆ ಅನುಭವ ಕೇಳುವುದಿಲ್ಲ, 23 ಗಂಟೆಯ ತರಬೇತಿ ಇದ್ದರೆ ಸಾಕು. ನೀವು ಮಾಡಿದ ಕೋರ್ಸಿನ ಗಂಟೆಗಳು ಇದಕ್ಕೆ ಲೆಕ್ಕಕ್ಕೆ ಬರುತ್ತವೆಯೇ ಎಂದು ಕೋರ್ಸಿನವರನ್ನೇ ಬರವಣಿಗೆಯಲ್ಲಿ ಕೇಳಿ. ನಿಯಮಗಳು ಆಗಾಗ ಬದಲಾಗುತ್ತವೆ, ಅರ್ಜಿ ಹಾಕುವ ದಿನ ಪಿಎಂಐ ಪುಟವನ್ನು ಮತ್ತೊಮ್ಮೆ ನೋಡಿ.

ಕೆಲಸದ ವಿಷಯ. ನಾನು ಸಂದರ್ಶನ ಮಾಡುತ್ತಿದ್ದಾಗ ಸರ್ಟಿಫಿಕೇಟ್ ನೋಡಿ ಯಾರನ್ನೂ ತೆಗೆದುಕೊಳ್ಳಲಿಲ್ಲ. ಆದರೆ ಒಳಗೆ ಕರೆದದ್ದುಂಟು. ಕರೆದು ಕೇಳುತ್ತಿದ್ದ ಮೊದಲ ಪ್ರಶ್ನೆ, "ನಿಮ್ಮ ಕೈಯಲ್ಲಿ ತಡವಾದ ಒಂದು ಕೆಲಸದ ಬಗ್ಗೆ ಹೇಳಿ." ನನ್ನ ಯಾವ ಕೆಲಸವೂ ತಡವಾಗಿಲ್ಲ ಎಂದವರಿಗೆ ನೀರು ಕೊಟ್ಟು ಕಳಿಸುತ್ತಿದ್ದೆ.

ಪ್ರಶ್ನೆ: ಪಿರಮಿಡ್ ಕಟ್ಟಿದವರು ಯಾವ ಆನ್‌ಲೈನ್ ಕೋರ್ಸ್ ಮಾಡಿದ್ದರು? ಹಿಂದೆ ದೊಡ್ಡ ದೊಡ್ಡ ಕೆಲಸಗಳು ಇದಿಲ್ಲದೇ ಆಗಲಿಲ್ಲವೇ? ಇದೆಲ್ಲ ಸುಮ್ನೆ ದುಡ್ಡು ಮಾಡುವ ದಾರಿ.

ಉತ್ತರ: ಸರ್, ನೀವು ಪಿರಮಿಡ್ ಎಂದದ್ದೇ ಒಳ್ಳೆಯದಾಯಿತು. 2013ರಲ್ಲಿ ಈಜಿಪ್ಟಿನ ಕೆಂಪು ಸಮುದ್ರ ತೀರದ ವಾದಿ ಅಲ್-ಜರ್ಫ್ ಎಂಬಲ್ಲಿ ಫ್ರಾನ್ಸಿನ ಪುರಾತತ್ವ ತಜ್ಞ ಪಿಯರ್ ತಾಲೆ ಅವರ ತಂಡಕ್ಕೆ ಕೆಲವು ಪಪೈರಸ್ ಹಾಳೆಗಳು ಸಿಕ್ಕವು. ಸುಮಾರು 4,500 ವರ್ಷ ಹಳೆಯವು. ಬರೆದವನು ಮೆರೆರ್ ಎಂಬ ಮೇಲ್ವಿಚಾರಕ. ಗೀಜಾದ ಮಹಾ ಪಿರಮಿಡ್‌ಗೆ ತೂರಾ ಗಣಿಯಿಂದ ಸುಣ್ಣಕಲ್ಲು ದೋಣಿಯಲ್ಲಿ ಸಾಗಿಸುತ್ತಿದ್ದ ತಂಡ ಅವನದು. ಯಾವ ದಿನ ಎಲ್ಲಿ ಕಲ್ಲು ಹೇರಿದೆವು, ರಾತ್ರಿ ಎಲ್ಲಿ ತಂಗಿದೆವು ಎಂದು ದಿನದಿನದ ಲೆಕ್ಕ ಬರೆದಿಟ್ಟಿದ್ದಾನೆ. ಕೋರ್ಸ್ ಮಾಡಿರಲಿಲ್ಲ, ಒಪ್ಪಿದೆ. ಆದರೆ ಸ್ಟೇಟಸ್ ರಿಪೋರ್ಟ್ ಬರೆಯುತ್ತಿದ್ದ! ನನ್ನ ಕೈಕೆಳಗೆ ಇದ್ದ ಎಷ್ಟೋ ಜನರಿಗಿಂತ ಚೆನ್ನಾಗಿ.

ದುಡ್ಡು ಮಾಡುವವರು ಇದ್ದಾರೆ ಎಂಬುದು ನಿಜ. ಎರಡು ವಾರದಲ್ಲಿ ಮ್ಯಾನೇಜರ್ ಆಗಿ ಎನ್ನುವ ಜಾಹೀರಾತು ಕಂಡರೆ ದಾಟಿಕೊಂಡು ಹೋಗಿ. ಆದರೆ ವಿದ್ಯೆಯೇ ಸುಳ್ಳು ಅನ್ನಬೇಡಿ. ಸಿಡ್ನಿಯ ಒಪೆರಾ ಹೌಸ್ 1963ಕ್ಕೆ ಮುಗಿಯಬೇಕಿತ್ತು, ಅಂದಾಜು ಖರ್ಚು 70 ಲಕ್ಷ ಆಸ್ಟ್ರೇಲಿಯನ್ ಡಾಲರ್. ಬಾಗಿಲು ತೆರೆದದ್ದು 1973ರಲ್ಲಿ, ಆದ ಖರ್ಚು 10 ಕೋಟಿ 20 ಲಕ್ಷ ಡಾಲರ್. ಚಿಪ್ಪಿನಂಥ ಚಾವಣಿಯನ್ನು ಕಟ್ಟುವುದು ಹೇಗೆ ಎಂದು ಇತ್ಯರ್ಥ ಆಗುವ ಮೊದಲೇ 1959ರಲ್ಲಿ ಕೆಳಗಿನ ಕಟ್ಟೆಯ ಕೆಲಸ ಶುರು ಮಾಡಿದ್ದರು. ಕೊನೆಗೆ ಚಾವಣಿಯ ಭಾರ ತಡೆಯದೆಂದು ಕಟ್ಟೆಯ ಕಂಬಗಳನ್ನು ಮತ್ತೆ ಕಟ್ಟಬೇಕಾಯಿತು. ಕಟ್ಟಡ ಚೆಂದವೇ, ನಾನೇನೂ ಅನ್ನುವುದಿಲ್ಲ. ಆದರೆ ಇದಾಗದೆ ಅದಿಲ್ಲ ಎಂದು ಯಾರೋ ಒಬ್ಬರು ಮೊದಲೇ ಹಟ ಹಿಡಿಯಬೇಕಿತ್ತು.

ಪ್ರಶ್ನೆ: ಎಂಟು ವರ್ಷ ಕೆಲಸ ಬಿಟ್ಟು ಮನೆಯಲ್ಲಿದ್ದೆ. ಈಗ ಕೋರ್ಸ್ ಮುಗಿಸಿದ್ದೇನೆ. ಮನೆ ನಡೆಸುವುದೂ ಪ್ರಾಜೆಕ್ಟೇ ಅಲ್ವಾ? ರೆಸ್ಯೂಮೆಯಲ್ಲಿ ಹಾಗೆ ಬರೆಯಬಹುದೇ?

ಉತ್ತರ: ಬರೆಯಬೇಡಿ. ಕೋಪಿಸಿಕೊಳ್ಳಬೇಡಿ, ಕಾರಣ ಹೇಳುತ್ತೇನೆ. ಪ್ರಾಜೆಕ್ಟ್‌ಗೆ ಒಂದು ಶುರು, ಒಂದು ಕೊನೆ ಇರುತ್ತದೆ. ಮನೆ ನಡೆಸುವುದಕ್ಕೆ ಕೊನೆ ಎಲ್ಲಿದೆ? ಆದರೆ ಈ ಎಂಟು ವರ್ಷದಲ್ಲಿ ಕೊನೆ ಇದ್ದ ಕೆಲಸಗಳನ್ನೂ ಮಾಡಿರುತ್ತೀರಿ. ಮನೆ ದುರಸ್ತಿ ಮಾಡಿಸಿದ್ದೀರಾ? ನಾಲ್ಕು ಥರದ ಕೆಲಸಗಾರರು, ಒಬ್ಬರು ಮುಗಿಸದೆ ಇನ್ನೊಬ್ಬರು ಬರುವಂತಿಲ್ಲ, ಮೇಲೆ ಕಟ್ಟುನಿಟ್ಟಿನ ದುಡ್ಡು. ಅದನ್ನು ಬರೆಯಿರಿ. ಎಷ್ಟು ದಿನ ಎಂದುಕೊಂಡಿದ್ದಿರಿ, ಎಷ್ಟಾಯಿತು, ಯಾಕೆ ಎಂದು ಮೂರು ಸಾಲು. ಮಕ್ಕಳ ಶಾಲೆಯ ಕಾರ್ಯಕ್ರಮ ನಡೆಸಿಕೊಟ್ಟಿದ್ದರೆ ಅದೂ ಆಗುತ್ತದೆ. ನೀವು ಕೋರ್ಸಿನಲ್ಲಿ ಕಲಿತ ಪದಗಳನ್ನು ಆ ಮೂರು ಸಾಲಿನಲ್ಲಿ ತುರುಕಬೇಡಿ. ಎಂಟು ವರ್ಷದ ಬಿಡುವನ್ನು ಮುಚ್ಚಿಡಲೂ ಬೇಡಿ.

ಪ್ರಶ್ನೆ: ಅಜೈಲ್ ಕಲಿಯಲಾ, ಹಳೆಯ ಪದ್ಧತಿ ಕಲಿಯಲಾ?

ಉತ್ತರ: ಏನು ಬೇಕು ಎಂದು ಮೊದಲೇ ಗೊತ್ತಿದ್ದು, ಆಮೇಲೆ ಬದಲಿಸಿದರೆ ದುಬಾರಿಯಾಗುವ ಕೆಲಸಕ್ಕೆ ಹಳೆಯದು, ಅಂದರೆ ಪೂರ್ತಿ ಯೋಜನೆ ಮೊದಲೇ ಹಾಕಿ ಆ ಪ್ರಕಾರ ಮಾಡುವುದು. ಕಟ್ಟಡ, ಮುದ್ರಣ, ಸ್ಥಳಾಂತರ ಇಂಥವು. ಮಾಡುತ್ತಾ ಹೋದಂತೆ ಏನು ಬೇಕು ಎಂದು ಗೊತ್ತಾಗುವ ಕೆಲಸಕ್ಕೆ ಅಜೈಲ್, ಅಂದರೆ ಸ್ವಲ್ಪ ಸ್ವಲ್ಪವೇ ಮಾಡಿ, ತೋರಿಸಿ, ತಿದ್ದಿಕೊಳ್ಳುತ್ತಾ ಹೋಗುವುದು. 2001ರಲ್ಲಿ ಅಮೆರಿಕದ ಯೂಟಾದಲ್ಲಿ 17 ಜನ ಸಾಫ್ಟ್‌ವೇರ್ ಮಂದಿ ಸೇರಿ ಬರೆದ ಒಂದು ಪುಟದ ಹೇಳಿಕೆಯಿಂದ ಆ ಹೆಸರು ಬಂತು. ಅದರ ಪೈಕಿ ಸ್ಕ್ರಮ್ ಎಂಬ ಪದ್ಧತಿಯ ಕೈಪಿಡಿ ಉಚಿತವಾಗಿ ಸಿಗುತ್ತದೆ, ಬಹಳ ಚಿಕ್ಕದು. ಕೋರ್ಸಿಗೆ ಸೇರುವ ಮೊದಲು ಅದನ್ನು ಓದಿ. ದಿನಕ್ಕೆ 15 ನಿಮಿಷದ ಸಭೆ ಎಂದು ಅದರಲ್ಲಿದೆ. ಬೇಗ ಮುಗಿಯಲಿ ಎಂದು ಹಲವರು ಅದನ್ನು ನಿಂತುಕೊಂಡೇ ಮಾಡುತ್ತಾರೆ. 15 ನಿಮಿಷ ಅಂದರೆ 15 ನಿಮಿಷ. 50 ನಿಮಿಷ ನಿಂತುಕೊಂಡು ಮಾತಾಡಿದರೆ ಅದು ಅಜೈಲ್ ಆಗುವುದಿಲ್ಲ, ಕಾಲುನೋವಾಗುತ್ತದೆ.

ಪ್ರಶ್ನೆ: ಕಲಿಯಲು ಯಾವ ಆ್ಯಪ್ ಕೊಳ್ಳಲಿ?

ಉತ್ತರ: ಯಾವುದೂ ಬೇಡ. ಕಂಪ್ಯೂಟರಿನಲ್ಲಿ ಮೊದಲೇ ಇರುವ ಎಕ್ಸೆಲ್ ಥರದ ಒಂದು ಹಾಳೆ ತೆರೆಯಿರಿ. ಆರು ಕಾಲಂ. ಕೆಲಸ, ಯಾರು, ಯಾವುದಾದ ಮೇಲೆ, ಯಾವಾಗ ಶುರು, ಯಾವಾಗ ಕೊನೆ, ಏನು ನೋಡಿದರೆ ಮುಗಿಯಿತು. ಮೊದಲ ಪ್ರಾಜೆಕ್ಟ್ ಇದರಲ್ಲೇ ಮುಗಿಸಿ. ಏಳನೆಯ ಕಾಲಂ ಬೇಕೇ ಬೇಕು ಅನ್ನಿಸಿದ ದಿನ ನನಗೆ ಪತ್ರ ಬರೆಯಿರಿ, ಆ್ಯಪ್ ಬಗ್ಗೆ ಆಗ ಮಾತಾಡೋಣ.